ಎರಡು ಗಾಡಿ, ಒಂದೇ ಮರೆವು

ಇದು ಹೋದ ವರ್ಷ ನವೆಂಬರ್ ತಿಂಗಳಲ್ಲಿ ನಡೆದದ್ದು. ಠಾಣಾ ಕುಶನೂರಿನಲ್ಲಿ ನಮ್ಮ ಸೋದರಮಾವ ಹೊಸ ಮನೆ ಕಟ್ಟಿಸಿದ್ದರು. ಭಾನುವಾರ ಮಧ್ಯಾಹ್ನ ಅಲ್ಲಿ ಪ್ರಾರ್ಥನೆ, ಆಮೇಲೆ ಊಟ. ಬೀದರಿನ ಮೈಲೂರಿನಿಂದ ನಾನು ಮತ್ತು ನನ್ನ ಗಂಡ, ಹಲಬರ್ಗಾದಿಂದ ನನ್ನ ತಮ್ಮ ಪ್ರಕಾಶ ಮತ್ತು ಅವನ ಹೆಂಡತಿ ರೂತ್, ಹೀಗೆ ಎರಡು ಬೈಕಿನಲ್ಲಿ ಹೋಗುವುದೆಂದು ಮಾತಾಗಿತ್ತು. ರೂತ್ ಆಗ ಐದು ತಿಂಗಳ ಬಸುರಿ.

ನಾನು ಆಸ್ಪತ್ರೆಯಲ್ಲಿ ನರ್ಸ್. ಆದರೆ ನಮ್ಮ ಓಣಿಯವರ ಪಾಲಿಗೆ ಅರ್ಧ ಮೆಕ್ಯಾನಿಕ್. ಮೊಬೈಲಿನಲ್ಲಿ ವಿಡಿಯೋ ನೋಡಿ ನಮ್ಮ ಹಳೆಯ ಬೈಕಿನ ಆಯಿಲ್ ಬದಲಿಸುವುದು, ಚೈನ್ ಬಿಗಿ ಮಾಡುವುದು, ಪ್ಲಗ್ ಸ್ವಚ್ಛ ಮಾಡುವುದು ಎಲ್ಲ ಕಲಿತಿದ್ದೆ. ನನ್ನ ಗಂಡ ಶಾಲಾ ಮಾಸ್ತರು. ಗಾಡಿಗೆ ಪೆಟ್ರೋಲ್ ಎಲ್ಲಿ ಹಾಕುತ್ತಾರೆ ಎನ್ನುವುದಷ್ಟೇ ಅವರಿಗೆ ಗೊತ್ತು. ಸಂಜೆಯಾದರೆ ಯಾರಾದರೊಬ್ಬರು ನಮ್ಮ ಬಾಗಿಲಿಗೆ ಬಂದು ಕೇಳುತ್ತಿದ್ದರು. ಕಾರಿನ ಬ್ಯಾಟರಿ ಮೇಲೆ ಬಿಳಿ ಪುಡಿ ಕೂತಿದೆ, ಏನು ಮಾಡಬೇಕು? ಬ್ರೇಕ್ ಒತ್ತಿದರೆ ಕಿರ್ ಅನ್ನುತ್ತದೆ, ಯಾಕೆ? ನಾನೂ ದೊಡ್ಡ ಡಾಕ್ಟರರ ಗತ್ತಿನಲ್ಲಿ ಉತ್ತರ ಕೊಡುತ್ತಿದ್ದೆ. ಹೊಗಳಿಕೆ ಯಾರಿಗೆ ಬೇಡ ಹೇಳಿ?

ಆ ಶನಿವಾರ ಪ್ರಕಾಶ ತನ್ನ ಬೈಕನ್ನು ನಮ್ಮ ಮನೆಗೆ ತಂದಿದ್ದ. ಎರಡೂ ಗಾಡಿಗೆ ಹಿಂದಿನ ಬ್ರೇಕ್ ಶೂ ಹಾಕಬೇಕಿತ್ತು. ಅಂಗಳದಲ್ಲಿ ಎರಡನ್ನೂ ಪಕ್ಕ ಪಕ್ಕ ನಿಲ್ಲಿಸಿ ಗಾಲಿ ಬಿಚ್ಚಿದೆ. ಶೂ ಹಾಕಿ ಗಾಲಿ ಕೂರಿಸಿದೆ. ಇನ್ನು ಉಳಿದದ್ದು ಬ್ರೇಕ್ ಪ್ಲೇಟು ಗಾಲಿಯ ಜೊತೆ ತಿರುಗದಂತೆ ಹಿಡಿಯುವ ಕಬ್ಬಿಣದ ಪಟ್ಟಿ. ಅದರ ನಟ್ಟನ್ನು ಎರಡೂ ಗಾಡಿಗೆ ಕೈಯಲ್ಲೇ ತಿರುಗಿಸಿ ಇಟ್ಟೆ. ಆಮೇಲೆ ಒಟ್ಟಿಗೇ ಬಿಗಿದು, ನಟ್ಟು ಕಳಚದಂತೆ ತಡೆಯುವ ಪಿನ್ನು ಹಾಕಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ನಮ್ಮ ಪಾಸ್ಟರು ಪ್ರಾರ್ಥನೆಗೆಂದು ಬಂದರು. ಅವರು ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು, ಕೈಕಾಲು ತೊಳೆದು ಕೂರುವುದು ನಮ್ಮ ಮನೆಯ ರೂಢಿ. ಪ್ರಾರ್ಥನೆ, ಚಹಾ, ಊರ ಸುದ್ದಿ ಮುಗಿಯುವಷ್ಟರಲ್ಲಿ ಸಂಜೆಯಾಗಿತ್ತು. ಪ್ರಕಾಶ ಹೊತ್ತಾಯಿತೆಂದು ಗಾಡಿ ತೆಗೆದುಕೊಂಡು ಹೊರಟೇಬಿಟ್ಟ. ನನಗೂ ಮರೆತೇಹೋಯಿತು. ಎರಡು ಪಿನ್ನುಗಳು ಸಾಮಾನಿನ ತಟ್ಟೆಯಲ್ಲೇ ಉಳಿದವು.

ಮರುದಿನ ನಾನೇ ಗಾಡಿ ಹೊಡೆಯುತ್ತಿದ್ದೆ, ಮಾಸ್ತರರು ಹಿಂದೆ. ಬ್ರೇಕ್ ಒತ್ತಿದಾಗ ಒಂದೆರಡು ಸಲ ಕಟ್ ಎಂದಿತು. ಹೊಸ ಶೂ ಅಲ್ಲವೇ, ಕೂಡಿಕೊಳ್ಳಲಿ ಎಂದುಕೊಂಡೆ. ಠಾಣಾ ಕುಶನೂರು ಇನ್ನೂ ಏಳೆಂಟು ಕಿಲೋಮೀಟರ್ ಇರುವಾಗ ಇವರಿಗೆ ಚಹಾ ನೆನಪಾಯಿತು. ರಸ್ತೆ ಬದಿಯ ಹೋಟೆಲ್ ಮುಂದೆ ಗಾಡಿ ನಿಲ್ಲಿಸಿದೆ.

ಪಕ್ಕದಲ್ಲಿ ಒಂದು ಪಂಕ್ಚರ್ ಅಂಗಡಿ. ಹಣೆಗೆ ವಿಭೂತಿ ಹಚ್ಚಿಕೊಂಡ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಟ್ಯೂಬ್ ಉಜ್ಜುತ್ತ ಕೂತಿದ್ದರು. ವೈಜಿನಾಥ ಕಾಕಾ ಎಂದು ಅವರ ಹೆಸರು ಆಮೇಲೆ ತಿಳಿಯಿತು. ಯಾರೂ ಕರೆಯದಿದ್ದರೂ ಎದ್ದು ಬಂದು ನಮ್ಮ ಹಿಂದಿನ ಗಾಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತರು. ಗಾಡಿ ನಿಲ್ಲುವಾಗ ಪಟ್ಟಿ ಅಲುಗಿದ್ದನ್ನು ಅವರು ಕೂತಲ್ಲಿಂದಲೇ ನೋಡಿದ್ದರು. ನಟ್ಟು ಎಲ್ಲೋ ಉದುರಿಹೋಗಿತ್ತು. ಬೋಲ್ಟು ಅರ್ಧ ಹೊರಗೆ ಬಂದಿತ್ತು. ಅದೂ ಬಿದ್ದಿದ್ದರೆ, ಜೋರಾಗಿ ಬ್ರೇಕ್ ಒತ್ತಿದಾಗ ಪ್ಲೇಟು ತಿರುಗಿ ಗಾಲಿ ಓಡುತ್ತಿರುವಾಗಲೇ ಸಿಕ್ಕಿಕೊಳ್ಳುತ್ತಿತ್ತಂತೆ.

ಯಾರು ರಿಪೇರಿ ಮಾಡಿದ್ದು ಎಂದು ಕೇಳಿದರು. ನಾನೇ ಎಂದೆ. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. ಸ್ವಲ್ಪ ಯೋಚಿಸಿ ಒಂದೇ ಮಾತು ಕೇಳಿದರು.

“ಅವತ್ತ ಇದೊಂದೇ ಗಾಡಿ ಬಿಚ್ಚಿದ್ರೇನು ತಂಗಿ, ಮತ್ತ ಯಾವದರ ಬಿಚ್ಚಿದ್ರಿ?”

ನನ್ನ ತಮ್ಮನದೂ ಬಿಚ್ಚಿದ್ದೆ ಎಂದೆ. ಆಪರೇಷನ್ ಕೋಣೆಯಲ್ಲಿ ಹೊಲಿಗೆ ಹಾಕುವ ಮೊದಲು, ರಕ್ತ ಒರೆಸಿದ ಬಟ್ಟೆಯ ತುಂಡು ಒಳಗೆ ಉಳಿಯದಂತೆ ಎರಡೆರಡು ಸಲ ಎಣಿಸುವವಳು ನಾನು. ಮನೆಯ ಅಂಗಳದಲ್ಲಿ ಎರಡು ಪಿನ್ನು ಎಣಿಸಲಿಲ್ಲ. ಪ್ರಕಾಶನಿಗೆ ಫೋನ್ ಹಚ್ಚಿದೆ. ರಿಂಗಾಗುತ್ತಲೇ ಇತ್ತು, ಎತ್ತಲಿಲ್ಲ. ಗಾಡಿ ಮೇಲೆ ಇದ್ದಾನೆ, ಹಿಂದೆ ರೂತ್ ಕೂತಿದ್ದಾಳೆ. ಮೂರು ಸಲ, ನಾಲ್ಕು ಸಲ ಹಚ್ಚಿದೆ.

ಕಾಕಾ ಮಾತ್ರ ಗಾಬರಿಯಾಗಲಿಲ್ಲ. ಗಾಡಿಯ ಬಣ್ಣ ಯಾವುದು, ಹೆಣ್ಣುಮಗಳು ಯಾವ ಸೀರೆ ಉಟ್ಟಿರಬಹುದು, ಯಾವ ರಸ್ತೆ ಎಂದು ಕೇಳಿಕೊಂಡರು. ಕೆಂಪು ಬೈಕು ಎಂದೆ. ಸೀರೆ ಗೊತ್ತಿರಲಿಲ್ಲ, ಬಸುರಿ, ಹಲಬರ್ಗಾದಿಂದ ಬರುತ್ತಿದ್ದಾರೆ ಎಂದೆ. ಆ ರಸ್ತೆಯಲ್ಲಿ ಪಂಕ್ಚರ್ ತಿದ್ದುವ ಇಬ್ಬರಿಗೆ ಒಬ್ಬರಾದ ಮೇಲೊಬ್ಬರಂತೆ ಫೋನ್ ಮಾಡಿದರು. ಕೈಯಲ್ಲಿದ್ದ ಕೆಲಸ ಬಿಟ್ಟು ರಸ್ತೆಗೆ ನಿಲ್ಲಿ, ಗಾಡಿ ಕಂಡರೆ ಮುಂದೆ ಬಿಡಬೇಡಿ ಎಂದರು. ಆ ಕಡೆಯವರು ಯಾಕೆ, ಏನು ಎಂದು ಒಂದು ಮಾತೂ ಕೇಳಲಿಲ್ಲ.

ಕಾಯುವಾಗ ಕಾಕಾ ಹೊಸ ನಟ್ಟು, ಪಿನ್ನು ತಂದರು. ಹೋಟೆಲಿನ ನಾಲ್ಕು ಜನ ಸುತ್ತ ಸೇರಿದ್ದರು. ಕಾಕಾ ನಟ್ಟು ಬಿಗಿಯುವ ಪಾನಾವನ್ನು ನನ್ನ ಕೈಗೆ ಕೊಟ್ಟರು. ನನ್ನಿಂದ ಆಗುವುದಿಲ್ಲ, ನೀವೇ ಬಿಗಿಯಿರಿ ಎಂದೆ.

“ನಾ ಬಿಗದರ ಇವತ್ತಿಗೇ ನಿಮ್ಮ ಕೈಲಿಂದ ಪಾನಾ ಬಿಡ್ತದ ತಂಗಿ. ಕಲತ ಕೈ ಅದಾವ್ರಿ, ನೀವೇ ಬಿಗೀರಿ,” ಎಂದರು.

ಕಣ್ಣು ಒರೆಸಿಕೊಂಡು ಬಿಗಿದೆ. ಪಿನ್ನು ಹಾಕಿ ಬಗ್ಗಿಸುವಾಗ ನನ್ನ ಫೋನ್ ರಿಂಗಾಯಿತು. ಪ್ರಕಾಶ ಸಿಟ್ಟಿನಲ್ಲಿದ್ದ. ಯಾರೋ ಅಡ್ಡ ನಿಂತು ಗಾಡಿ ತಡೆದು ಕೀಲಿ ಕಿತ್ತುಕೊಂಡಿದ್ದಾರೆ, ಕಳ್ಳರೋ ಏನೋ ಎಂದ. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವನ ಗಾಡಿಯ ನಟ್ಟೂ ಉದುರಿತ್ತು. ಕಾಕಾ ಅತ್ತ ಸರಿದು ಗಾಡಿ ತಡೆದವನ ಜೊತೆ ಫೋನಿನಲ್ಲಿ ಏನೋ ಮಾತಾಡಿದರು.

ಅಲ್ಲೇ ಹೊಸ ನಟ್ಟು ಹಾಕಿಸಿಕೊಂಡು ಒಂದು ತಾಸಿನ ಮೇಲೆ ಅವರಿಬ್ಬರೂ ನಾವಿದ್ದಲ್ಲಿಗೇ ಬಂದರು. ಪ್ರಕಾಶ ಇಳಿಯುತ್ತಲೇ ನನ್ನ ಕೈ ಹಿಡಿದ. “ಅಕ್ಕಾ, ಛಲೋ ಆಯ್ತು ನೀ ದಾರ್ಯಾಗ ನೆನಪು ಮಾಡ್ಕೊಂಡಿ. ಅಲ್ಲಿ ಮೆಕ್ಯಾನಿಕ್ ಹೇಳ್ದ, ನಿಮ್ಮ ಅಕ್ಕನೇ ತಪ್ಪು ಹಿಡದಾಳ ಅಂತ.”

ನಾನು ಕಾಕಾನ ಕಡೆ ನೋಡಿದೆ. ಅವರು ತಲೆ ಎತ್ತದೆ ಟ್ಯೂಬ್ ಉಜ್ಜುತ್ತಿದ್ದರು. ಜೀವದ ಜೊತೆ ನನ್ನ ಮಾನವನ್ನೂ ಉಳಿಸಲು ನೋಡಿದ್ದರು. ನನಗೆ ಸುಮ್ಮನಿರಲಾಗಲಿಲ್ಲ. ನನಗೇನೂ ನೆನಪಾಗಲಿಲ್ಲ, ತಪ್ಪು ಹಿಡಿದವರೂ ನಿನ್ನನ್ನು ತಡೆಸಿದವರೂ ಇವರೇ ಎಂದು ಎಲ್ಲರ ಮುಂದೆ ಹೇಳಿದೆ. ಪ್ರಕಾಶ ಹೋಗಿ ಕಾಕಾನ ಪಾದ ಮುಟ್ಟಿದ.

ನಾನು ಈಗಲೂ ನಮ್ಮ ಗಾಡಿಯ ಕೆಲಸ ನಾನೇ ಮಾಡುತ್ತೇನೆ. ಹೆದರಿಕೆ ಇದೆ, ಇರಬೇಕು ಕೂಡ. ಇಷ್ಟು ವರ್ಷದ ನೌಕರಿಯಲ್ಲಿ ದೊಡ್ಡ ದೊಡ್ಡವರನ್ನು ನೋಡಿದ್ದೇನೆ. ಆದರೆ ಇನ್ನೊಬ್ಬರ ತಪ್ಪನ್ನು ಆ ಕಾಕಾನಷ್ಟು ಮೆತ್ತಗೆ ಕೈಗೆತ್ತಿಕೊಂಡವರನ್ನು ನೋಡಿಲ್ಲ.

ಮಾರ್ಚ್ ತಿಂಗಳಲ್ಲಿ ರೂತ್‌ಗೆ ಹೆಣ್ಣುಮಗು ಹುಟ್ಟಿತು. ಮೂರು ತಿಂಗಳಾದ ಮೇಲೆ ಮಗುವನ್ನು ಕಾಕಾನ ಅಂಗಡಿಗೆ ಕರೆದೊಯ್ದೆವು. ಅವರು ಸಾಬೂನು ಹಚ್ಚಿ ಎರಡು ಸಲ ಕೈ ತೊಳೆದರು. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಕೂಸಿನ ಬಟ್ಟೆ ಹೊಲಸಾಗುತ್ತದೆ, ದೂರದಿಂದಲೇ ನೋಡುತ್ತೇನೆ ಎಂದರು. ನಾನು ಕೇಳಲಿಲ್ಲ. ರೂತಳಿಂದ ಮಗುವನ್ನು ತೆಗೆದುಕೊಂಡು ಆ ಕೈಗಳಲ್ಲೇ ಇಟ್ಟೆ.