ಮೊಲ ಹಿಡಿದ ಅಂಗಿಯ ಚುಂಗು

ದೆವ್ವ, ಶಕುನ ಅಂದವರನ್ನು ಕಂಡರೆ ನನಗೆ ಮೊದಲಿಂದಲೂ ಮೈಯುರಿ. ಈಗಲೂ ನಂಬಿಕೆ ಬಂದಿದೆ ಅಂತೇನೂ ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ತೀರ್ಮಾನಿಸಿ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ದಾವಣಗೆರೆಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ಡಾಕ್ಟರರಿಗೆ ನಾನು ಸಹಾಯಕ. ಹರಿಹರದ ಕಡೆ ವಾಂತಿಭೇದಿ ಎದ್ದಿತ್ತು. ಅಲ್ಲಿನ ಬಾವಿ ನೀರಿನಲ್ಲಿ ಸಿಕ್ಕ ರೋಗಾಣು ಕಾಲರಾದ್ದೇ ಹೌದೋ ಅಂತ ಮೊಲದ ಮೇಲೆ ನೋಡುತ್ತಿದ್ದೆವು. ಹಿಂದಿನ ದಿನವೇ ಮೊಲಕ್ಕೆ ಮೇವು ನಿಲ್ಲಿಸಿ ಬರೀ ನೀರು ಇಡಬೇಕು. ಆಮೇಲೆ ಮತ್ತು ಬರಿಸಿ, ಹೊಟ್ಟೆ ಕೊಯ್ದು, ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಲ್ಲಿ ಕಟ್ಟಿ ಅದರೊಳಗೆ ರೋಗಾಣು ಬಿಟ್ಟು ಹೊಟ್ಟೆ ಹೊಲಿಯುವುದು. ಮರುದಿನ ಆ ತುಂಡು ನೀರು ತುಂಬಿ ಉಬ್ಬಿದ್ದರೆ ಕಾಲರಾ ಅಂತ ಲೆಕ್ಕ. ಪಾಪದ ಕೆಲಸವೇ. ಆದರೆ ಜನ ಸಾಯುತ್ತಿದ್ದರು.

ಅಂದು ಬೆಳಿಗ್ಗೆ ಒಂದು ಬಿಳಿ ಮೊಲಕ್ಕೆ ಹಾಗೆ ಮಾಡಿದ್ದೆವು. ಹೊತ್ತು ಇಳಿಯುವಾಗ ನೀರಿಡಲು ಗೂಡಿನೊಳಗೆ ಬಗ್ಗಿದೆ. ಮಂಪರಿನಲ್ಲಿದ್ದ ಮೊಲ ಕತ್ತು ಚಾಚಿ ನನ್ನ ಅಂಗಿಯ ಚುಂಗನ್ನು ಬಾಯಲ್ಲಿ ಹಿಡಿಯಿತು. ಕಡಿಯಲಿಲ್ಲ, ಅಗಿಯಲಿಲ್ಲ. ಹಿಡಿದುಕೊಂಡು ಕಣ್ಣು ಮುಚ್ಚಿತು.

ನಾಲ್ಕು ವರ್ಷದ ನನ್ನ ಮಗಳು ಗಿರಿಜೆ ಮಲಗುತ್ತಿದ್ದದ್ದು ಹೀಗೆಯೇ, ನನ್ನ ಅಂಗಿಯ ಚುಂಗು ಬಾಯಲ್ಲಿಟ್ಟುಕೊಂಡು. ಹೆರಿಗೆಗೆ ಹರಿಹರದ ತವರಿಗೆ ಹೋದ ಹೆಂಡತಿ ಅವಳನ್ನೂ ಕರೆದುಕೊಂಡು ಹೋಗಿ ವಾರಗಳಾಗಿದ್ದವು.

ಮೊಲಗಳನ್ನು ನೋಡಿಕೊಳ್ಳುವ ರುದ್ರವ್ವ ನಕ್ಕಳು. ಪ್ರತಿ ಮೊಲದ ಹಣೆಗೂ ವಿಭೂತಿ ಹಚ್ಚಿ ಕಳಿಸುವ ದೈವಭಕ್ತೆ ಅವಳು. "ಹಸಿವಾಗೈತ್ರಿ ಪಾಪ, ಅಂಗಿನಾದ್ರೂ ತಿಂತೀನಿ ಅಂತೈತೆ. ಬಿಡಿಸ್ಕಳ್ರಿ," ಅಂದಳು. ಮಾತು ಸರಿಯಾಗಿಯೇ ಇತ್ತು. ಮೆಲ್ಲಗೆ ಬಾಯಿ ಬಿಡಿಸಿ ಬಟ್ಟೆ ಎಳೆದುಕೊಂಡೆ. ಆದರೆ ಕಾಲು ನಿಲ್ಲಲಿಲ್ಲ. ಸೀದಾ ಹೋಗಿ ಹರಿಹರದ ಬಸ್ಸು ಹತ್ತಿದೆ.

ಅತ್ತೆಯವರ ಮನೆ ಬಾಗಿಲಲ್ಲೇ ಹೆಂಡತಿಯ ಅಳು ಕೇಳಿಸಿತು. ಬೆಳಗಿನಿಂದ ಗಿರಿಜೆಗೆ ವಾಂತಿಭೇದಿ. ಕಣ್ಣು ಗುಳಿ ಬಿದ್ದು, ತುಟಿ ಒಣಗಿ ಸಿಪ್ಪೆಯೆದ್ದಿತ್ತು. "ಒಂದು ಹನಿ ನೀರೂ ಕೊಟ್ಟಿಲ್ರಿ. ಕುಡಿದ್ರೆ ಇನ್ನಷ್ಟು ಹೋಗ್ತೈತೆ ಅಲ್ಲೇನ್ರಿ?" ಅಂದರು ಅತ್ತೆ. ಪಾಪ, ಊರೆಲ್ಲ ಹಾಗೇ ತಿಳಿದಿತ್ತು. ಅವರನ್ನು ಏನಂತ ಬೈಯಲಿ? ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ರಕ್ತನಾಳಕ್ಕೆ ಉಪ್ಪುನೀರು ಹತ್ತಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಅಂದರು ಅಲ್ಲಿನ ಡಾಕ್ಟರು. ನಾನು ನಾಚಿಕೆ ಬಿಟ್ಟು ಅತ್ತುಬಿಟ್ಟೆ.

ಮರುದಿನ ಅವಳು ಕಣ್ಣು ಬಿಟ್ಟಳು. ನನ್ನನ್ನು ನೋಡಿ ನಗುತ್ತಾಳೆ ಅಂದುಕೊಂಡಿದ್ದೆ. ಮುಖ ಸಣ್ಣದು ಮಾಡಿಕೊಂಡು ಕೇಳಿದಳು:

"ನಾನು ಹಿಡ್ಕಂಡಿದ್ನಲ್ಲಪ್ಪ, ಯಾಕ ಬಿಡಿಸ್ಕಂಡೆ?"

ನಿತ್ರಾಣದ ಕನವರಿಕೆ ಇರಬಹುದು. ಎಷ್ಟೋ ಸಲ ಹಾಗೇ ಹೇಳಿಕೊಂಡಿದ್ದೇನೆ. ಆದರೆ ಅಂದು ಅಂಗಿಯ ಚುಂಗನ್ನು ಅವಳ ಬಾಯಿಗಿಟ್ಟು, ಅವಳಾಗಿ ಬಿಡುವವರೆಗೂ ಕದಲದೆ ಕೂತಿದ್ದೆ.