ಗಿರಿಜೆಯ ಇಂಕಿನ ಬಾಟಲಿ

ಏಳನೇ ತರಗತಿಗೆ ಬಂದ ಮೇಲೆಯೇ ನಮ್ಮ ಕೈಗೆ ಪೆನ್ನು ಕೊಡುತ್ತಿದ್ದ ಕಾಲವದು. ಅಲ್ಲಿಯವರೆಗೆ ಪೆನ್ಸಿಲ್ಲು. ಪೆನ್ನು ಸಿಕ್ಕಿತೆಂದರೆ ದೊಡ್ಡವರಾದೆವು ಅಂತಲೇ ಅರ್ಥ. ಬೆರಳಿಗೆ, ಲಂಗಕ್ಕೆ, ಕೊನೆಗೆ ತುಟಿಗೂ ಇಂಕು ಮೆತ್ತಿಕೊಂಡು ಓಡಾಡುವುದು ಒಂದು ಬಿಂಕ. ಅವ್ವಂದಿರು ಬೈದುಕೊಂಡು ಆ ಕಲೆ ತಿಕ್ಕುತ್ತಿದ್ದರು, ಅದು ಹೋಗುತ್ತಿರಲಿಲ್ಲ.

ನಮ್ಮೂರು ಕೊಟ್ಟೂರು. ದಸರಾ ರಜೆ ಮುಗಿಯುವ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಶೇಂಗಾ ರಾಶಿ ಬಿದ್ದಿರುತ್ತಿತ್ತು. ಅದರ ಹಸಿಮಣ್ಣಿನ ವಾಸನೆ ನನ್ನ ಪಾಟಿಚೀಲಕ್ಕೂ ಹತ್ತುತ್ತಿತ್ತು. ನಮ್ಮ ಮನೆಯಲ್ಲಿ ಇಂಕಿನ ಬಾಟಲಿ ಕೊಳ್ಳುವ ಪದ್ಧತಿಯೇ ಇರಲಿಲ್ಲ. ಅವ್ವ ಇಂಕಿನ ಗುಳಿಗೆ ತರಿಸಿ, ಖಾಲಿ ಟಾನಿಕ್ ಸೀಸೆಗೆ ಹಾಕಿ, ಕುತ್ತಿಗೆಮಟ್ಟ ನೀರು ಹೊಯ್ದು ಅಲ್ಲಾಡಿಸಿ ಕೊಡುತ್ತಿದ್ದಳು.

‘ನೀರು ಭಾಳ ಆತಬೇ’ ಅಂದರೆ, ‘ಲಗೂ ಖಾಲಿ ಆಗಬಾರ್ದಲ್ಲ, ಸುಮ್ನ ಬರಿ’ ಅನ್ನುತ್ತಿದ್ದಳು. ನಾನು ಬರೆದದ್ದು ನಾಲ್ಕು ವರ್ಷ ಒಗೆದ ಸೀರೆಯ ಹಾಗೆ ಮಾಸಲಾಗಿ ಕಾಣುತ್ತಿತ್ತು.

ಆದರೆ ಅಕ್ಷರ? ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು. ಜಂಬ ಅಂದುಕೊಂಡರೂ ಅಡ್ಡಿಯಿಲ್ಲ. ಓಟದಲ್ಲಿ ನಾನು ಹಿಂದೆ, ಲೆಕ್ಕದಲ್ಲಿ ದಡ್ಡಿ, ಹಾಡಲು ಕರೆದರೆ ಕೆಮ್ಮು. ಇದ್ದದ್ದು ಅದೊಂದೇ. ನಮ್ಮ ಶಾಲೆಯಲ್ಲಿ ಗೋಡೆ ಪತ್ರಿಕೆ ಅಂತ ಇತ್ತು. ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಕತೆ, ಒಗಟು, ಊರ ಸುದ್ದಿ ಬರೆದು ಹೆಡ್‌ಮಾಸ್ಟರ ಕೋಣೆಯ ಪಕ್ಕ ಅಂಟಿಸುತ್ತಿದ್ದರು. ಕೆಳಗೆ ‘ಬರೆದವರು’ ಅಂತ ಒಂದು ಹೆಸರು. ಏಳನೇ ತರಗತಿಯ ಒಬ್ಬರಿಗೆ ವರ್ಷವಿಡೀ ಆ ಕೆಲಸ. ಆ ಹೆಸರು ನನ್ನದಾಗಬೇಕು ಅಂತ ನಾನು ಐದನೇ ತರಗತಿಯಿಂದ ಕಾದಿದ್ದೆ.

ಹೀಗಿರುವಾಗ ಒಂದು ಸೋಮವಾರ ಗಿರಿಜೆ ಇಂಕಿನ ಬಾಟಲಿ ತಂದಳು.

ಗಿರಿಜೆ ನನ್ನ ಬೆಂಚಿನವಳು, ನನ್ನ ಓಣಿಯವಳು, ಕುಂಟಬಿಲ್ಲೆಯಲ್ಲಿ ನನ್ನ ಜೋಡಿ. ಅವಳ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಅವಳಪ್ಪ ಬಸ್‌ಸ್ಟ್ಯಾಂಡ್ ಹತ್ತಿರದ ಪುಸ್ತಕದಂಗಡಿಯಿಂದ ಸೀಲು ಒಡೆಯದ ಬಾಟಲಿ ಕೊಡಿಸಿದ್ದ. ಅವಳು ಮುಚ್ಚಳ ತಿರುವಿದಾಗ ಬೆಂಚಿನ ಸುತ್ತ ಹುಡುಗಿಯರು ಮುತ್ತಿದರು. ಎಂಥ ನೀಲಿ ಅಂತೀರಿ! ಫಿಲ್ಲರಿನಿಂದ ಪೆನ್ನಿಗೆ ಇಳಿಸಿ, ಹಾಳೆಯ ಮೇಲೆ ‘ಶ್ರೀ’ ಬರೆದಳು. ಅವಳ ಆ ಸೊಟ್ಟ ಶ್ರೀ ಕೂಡ ಹಾಳೆಯಿಂದ ಎದ್ದು ಬರುವ ಹಾಗೆ ಕಂಡಿತು. ಎಲ್ಲರೂ ‘ನಂಗ ಕೊಡ, ನಂಗ ಕೊಡ’ ಅಂದರು. ಅವಳು ಪೆನ್ನನ್ನು ನನ್ನ ಕಡೆ ಚಾಚಿದಳು.

‘ಮೊದ್ಲು ನೀ ಬರಿಯಲೇ ರತ್ನಿ. ನಿನ್ನ ಅಕ್ಷರದಾಗ ನೋಡಬೇಕು ಇದನ್ನ.’

‘ನಂಗ ಬ್ಯಾಡ. ನಮ್ಮನ್ಯಾಗೂ ತರಾಕತ್ಯಾರ’ ಅಂದೆ. ಹಸೀ ಸುಳ್ಳು. ಅವಳು ಕೊಡದೆ ಇದ್ದಿದ್ದರೆ ಜಗಳವಾಡಿ ಸುಮ್ಮನಾಗುತ್ತಿದ್ದೆನೋ ಏನೋ. ಕೊಟ್ಟಳಲ್ಲ, ಅದನ್ನೇ ತಡೆಯಲಾಗಲಿಲ್ಲ.

ಅವತ್ತು ಸಂಜೆ ಮನೆಗೆ ಬಂದವಳೇ ಬಚ್ಚಲ ಗೂಡಿನಲ್ಲಿದ್ದ ನೀಲಿ ಪುಡಿಯ ಪೊಟ್ಟಣ ತೆಗೆದೆ. ಅಪ್ಪನ ಧೋತರ ಬೆಳ್ಳಗೆ ಕಾಣಲಿ ಅಂತ ಅವ್ವ ಅದನ್ನು ನೀರಿಗೆ ಹಾಕಿ ಅದ್ದುತ್ತಿದ್ದಳು. ಆ ನೀರಿನ ಬಣ್ಣ ಗಿರಿಜೆಯ ಇಂಕಿಗಿಂತ ಗಾಢ. ನನ್ನ ಸೀಸೆಗೆ ಒಂದು ಚಮಚ ಸುರುವಿ ಅಲ್ಲಾಡಿಸಿದೆ. ಪೆನ್ನಿಗೆ ತುಂಬಿ ಬರೆದೆ. ಅಬ್ಬಾ, ಏನು ಚೆಂದ! ನನ್ನ ಹೆಸರನ್ನೇ ಆರು ಸಲ ಬರೆದೆ. ಏಳನೆಯ ಸಲಕ್ಕೆ ನಿಬ್ಬು ಕಟ್ಟಿಕೊಂಡಿತು. ಕೊಡವಿದೆ, ಊದಿದೆ, ಊಹೂಂ. ಮುಂಜಾನೆ ನೋಡಿದರೆ ಬರೆದದ್ದೆಲ್ಲ ಪುಡಿಯಾಗಿ ಬೆರಳಿಗೆ ಬಂತು. ಅವ್ವ ಬಿಸಿನೀರಿನಲ್ಲಿ ಪೆನ್ನು ತೊಳೆಯುತ್ತ ಸಹಸ್ರನಾಮ ಮಾಡಿದಳು, ಸೀಸೆಯನ್ನೂ ತೊಳೆದು ಮತ್ತೆ ಗುಳಿಗೆ ಕದಡಿ ಕೊಟ್ಟಳು. ಉಳಿದ ಪುಡಿಯನ್ನು ಕಾಗದದಲ್ಲಿ ಮಡಚಿ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡೆ. ಯಾಕೆ ಇಟ್ಟುಕೊಂಡೆ ಅಂತ ಕೇಳಬೇಡಿ. ಗೊತ್ತಿದ್ದೇ ಇಟ್ಟುಕೊಂಡೆ.

ಅವತ್ತು ಕನ್ನಡದ ಮೇಷ್ಟ್ರು ಎಲ್ಲರಿಂದ ಒಂದೊಂದು ಪುಟ ಬರೆಸಿದರು. ನನ್ನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದರು. ಗಿರಿಜೆಯ ಹಾಳೆಯನ್ನು ಮಾತ್ರ ಇಡೀ ಕ್ಲಾಸಿಗೆ ಎತ್ತಿ ತೋರಿಸಿದರು.

‘ನೋಡ್ರಿ, ಹಿಂದಿನ ಬೆಂಚಿಗೂ ಕಾಣತೈತಿ. ಗೋಡಿ ಪತ್ರಿಕಿಗೆ ಬೇಕಾಗಿದ್ದು ಇದ. ಯಾರು ಬರೀಬೇಕಂತ ಊಟ ಆದ್ಮ್ಯಾಲೆ ಹೇಳ್ತೀನಿ.’

ಆ ಕಾಗೆ ಕಾಲಿಗೆ! ಊಟದ ಬೆಲ್ಲು ಹೊಡೆದಾಗ ಎಲ್ಲರೂ ಬುತ್ತಿ ಹಿಡಿದು ಬೇವಿನ ಗಿಡದ ಕೆಳಗೆ ಹೋದರು. ‘ಬಾರಲೇ, ನಮ್ಮವ್ವ ಶೇಂಗಾ ಹೋಳಿಗಿ ಕಟ್ಯಾಳ’ ಅಂತ ಗಿರಿಜೆ ಕೂಗಿದಳು. ಹೊಟ್ಟೆನೋವು ಅಂದು ನಾನು ಒಳಗೇ ಉಳಿದೆ. ಅವಳ ಚೀಲದಿಂದ ಬಾಟಲಿ ತೆಗೆದು, ಕಾಗದದ ಪುಡಿಯನ್ನೆಲ್ಲ ಅದಕ್ಕೆ ಸುರಿದು, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿಟ್ಟೆ.

ಊಟ ಮುಗಿಸಿ ಬಂದ ಮೇಷ್ಟ್ರು ಡ್ರಾಯಿಂಗ್ ಹಾಳೆ ಬಿಚ್ಚಿ ಮೇಜಿನ ಮೇಲೆ ಹಾಸಿದರು.

‘ರತ್ನಾ, ಗಿರಿಜಾ, ಇಬ್ರೂ ಬರ್ರಿ. ಇಕಿ ಅಕ್ಷರದಂಥಾ ಅಕ್ಷರ ಈ ಸಾಲ್ಯಾಗ ಇಲ್ಲ, ಇಕಿ ಇಂಕಿನಂಥಾ ಇಂಕಿಲ್ಲ. ಇಂಕು ಗಿರಿಜಂದು, ಕೈ ರತ್ನಂದು. ನಡೀರಿ, ಸುರು ಮಾಡ್ರಿ.’

ನಾನು ಎದ್ದು ನಿಂತೆ. ನಿಧಾನಕ್ಕೆ ಮೇಜಿನ ಕಡೆ ನಡೆದೆ. ಗಿರಿಜೆ ಮಾತ್ರ ಕುಣಿಯುತ್ತ ಹೋಗಿ ತನ್ನ ಪೆನ್ನಿನಲ್ಲಿ ಉಳಿದಿದ್ದ ಇಂಕನ್ನು ಚೆಲ್ಲಿ, ಬಾಟಲಿಯಿಂದ ಹೊಸದಾಗಿ ತುಂಬಿ ನನ್ನ ಕೈಗಿಟ್ಟಳು. ಶಾಲೆಯ ಹೆಸರು ಬರೆದೆ. ಚೆನ್ನಾಗಿಯೇ ಬಂತು. ಎರಡನೆಯ ಸಾಲಿಗೆ ನಿಬ್ಬು ಕೆರೆಯಿತು. ಮೇಷ್ಟ್ರು ‘ಜಾಡಿಸಲೇ’ ಅಂದರು. ಜಾಡಿಸಿದೆ. ಹಾಳೆಯ ನಟ್ಟನಡುವೆ ಅಂಗೈಯಗಲ ನೀಲಿ ರಾಡಿ ಬಿತ್ತು.

ಇದ್ದದ್ದು ಅದೊಂದೇ ಹಾಳೆ. ಮೇಷ್ಟ್ರು ಬೈಯಲಿಲ್ಲ, ನಿಟ್ಟುಸಿರು ಬಿಟ್ಟು ಸುತ್ತಿ ಕಂಕುಳಲ್ಲಿಟ್ಟುಕೊಂಡರು. ಮರುದಿನ ಬೇರೆ ಹಾಳೆ ತರಿಸಿ ಪಕ್ಕದ ಸೆಕ್ಷನ್ನಿನ ಹುಡುಗನ ಕೈಯಲ್ಲಿ ಕಪ್ಪು ಇಂಕಿನಲ್ಲಿ ಬರೆಸಿದರು. ಆ ವರ್ಷವೆಲ್ಲ ಅವನ ಹೆಸರೇ.

ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಗಿರಿಜೆ ಅತ್ತಳು. ತನ್ನ ಇಂಕು ಹಾಳಾಯಿತು ಅಂತಲ್ಲ.

‘ನನ್ನ ಇಂಕಿನಿಂದ ನಿನ್ನ ಹೆಸರು ಹೋತಲ್ಲಲೇ’ ಅಂದಳು.

ಅವಳಪ್ಪ ಆ ಬಾಟಲಿ ಒಯ್ದು ಅಂಗಡಿಯ ಅಜ್ಜನಿಗೆ ಜನರೆದುರು ಉಗಿದ. ನಾನು ಗಿರಿಜೆಯ ಜತೆ ಅಲ್ಲೇ ನಿಂತಿದ್ದೆ. ‘ಮುವತ್ತು ವರ್ಷ ಆತ್ರಿ ಅಂಗಡಿ ಇಟ್ಟು, ಯಾರಿಗೂ ಖೊಟ್ಟಿ ಮಾಲು ಕೊಟ್ಟಿಲ್ರಿ’ ಅಂದ ಅಜ್ಜ, ಬಾಟಲಿ ಎತ್ತಿ ತಳ ನೋಡಿದ. ತಳದಲ್ಲಿ ಕೂತ ಪುಡಿ ಕಂಡು ಬೇರೆ ಬಾಟಲಿ ಕೊಟ್ಟ. ಗಿರಿಜೆ ಅದರಲ್ಲಿ ಅರ್ಧ ನನ್ನ ಟಾನಿಕ್ ಸೀಸೆಗೆ ಸುರಿದಳು. ಏಳನೆಯ ಪರೀಕ್ಷೆಯನ್ನು ಅದೇ ಇಂಕಿನಲ್ಲಿ ಬರೆದೆ.

ಈಗ ನಾನು ಬರೆಯುವುದು ಹಾಲಿನ ಕೂಪನ್ ಮೇಲಿನ ಸಹಿ ಅಷ್ಟೇ. ಉಳಿದದ್ದೆಲ್ಲ ಫೋನಿನಲ್ಲಿ, ಎಲ್ಲರಿಗೂ ಒಂದೇ ಅಕ್ಷರ. ಅಂಗಡಿಯ ಅಜ್ಜ ಹೋಗಿ ಎಷ್ಟೋ ವರ್ಷವಾಯಿತು. ಹೋದ ತಿಂಗಳು ಕೂಡ್ಲಿಗಿಯಲ್ಲಿ ಒಂದು ಗೃಹಪ್ರವೇಶಕ್ಕೆ ಗಿರಿಜೆಯೂ ಹರಪನಹಳ್ಳಿಯಿಂದ ಬಂದಿದ್ದಳು. ಊಟದ ಪಂಕ್ತಿಯಲ್ಲಿ ತನ್ನ ಸೊಸೆಗೆ ಇದೇ ಕತೆ ಹೇಳಿ ನಗುತ್ತಿದ್ದಳು: ‘ಅಂಗಡಿಯಂವ ಖೊಟ್ಟಿ ಇಂಕು ಕೊಟ್ಟು ನಮ್ಮ ರತ್ನಿ ಹೆಸರು ಕೆಡಿಸಿದ ನೋಡವಾ.’

ಎಷ್ಟು ವರ್ಷ ನುಂಗಿದ್ದೆನೋ, ಅವತ್ತು ಬಾಯಿ ತೆರೆದೆ. ‘ಅಜ್ಜಂದೇನೂ ತಪ್ಪಿದ್ದಿಲ್ಲಲೇ ಗಿರಿಜಾ. ಆ ಇಂಕು...’

ಅವಳು ಮುಂದೆ ಹೇಳಲು ಬಿಡಲಿಲ್ಲ. ನನ್ನ ತೊಡೆ ತಟ್ಟಿ ಸೊಸೆಯ ಕಡೆ ತಿರುಗಿದಳು. ‘ನೋಡಿದೇನು? ಸಣ್ಣಾಕಿದ್ದಾಗಿಂದ ಇಕಿ ಹಿಂಗ. ತನಗ ನುಕ್ಸಾನಾದ್ರೂ ಒಬ್ಬರ ಮ್ಯಾಲೂ ತಪ್ಪು ಹೊರಿಸಿದಾಕಿ ಅಲ್ಲ. ಇಂಥಾ ಗೆಳತಿ ಈಗ ಎಲ್ಲಿ ಸಿಗ್ತಾಳ?’

ಸೊಸೆ ನನ್ನನ್ನು ಗೌರವದಿಂದ ನೋಡಿದಳು. ನಾನು ಎಲೆಯ ಮೇಲಿನ ಹೋಳಿಗೆ ಮುರಿದೆ. ಗಿರಿಜೆಯ ನೆನಪಿನಲ್ಲಿ ನನ್ನದೇ ಹೆಸರಿನ, ನನ್ನದೇ ಚೆಂದದ ಅಕ್ಷರದ, ಒಳ್ಳೆಯ ಮನಸ್ಸಿನ ಒಬ್ಬ ಹುಡುಗಿ ಇದ್ದಾಳೆ. ಈಗ ನನಗೆ ಹೊಟ್ಟೆಕಿಚ್ಚು ಇರುವುದು ಆ ಹುಡುಗಿಯ ಮೇಲೆ.