ಬಿಳಿ ಹೂವು ಕೆಂಪಾದ ಸಂಜೆ

ಆಗ ದಾಂಡೇಲಿಯಲ್ಲಿ ನಮಗೆ ಹೊತ್ತು ತಿಳಿಯುತ್ತಿದ್ದುದು ಮಿಲ್ಲಿನ ಪಾಳಿ ಬದಲಾದಾಗ ಊರಿಗೆಲ್ಲ ಕೇಳುವಂತೆ ಕೂಗುವ ಭೋಂಗಾದಿಂದ. ಅದು ಕೂಗಿದರೆ ಅವ್ವ ರೊಟ್ಟಿಗೆ ಹಂಚಿಡುತ್ತಿದ್ದಳು. ನಾವು ಹುಡುಗಿಯರು ಕುಂಟಾಬಿಲ್ಲೆ ಬಿಟ್ಟು ಅಪ್ಪಂದಿರ ಸೈಕಲ್ಲಿಗೆ ಎದುರು ಓಡುತ್ತಿದ್ದೆವು. ಧಾರವಾಡದ ಕಡೆಯ ಹಳ್ಳಿಯಿಂದ ಬಂದಿದ್ದ ಅಜ್ಜಿಗೆ ಮಾತ್ರ ಮಿಲ್ಲೆಂದರೆ ಭಯ. ಒಳಗೆ ಕಾಲಿಟ್ಟು ನೋಡಿದವಳಲ್ಲ, ಅದಕ್ಕೇ ಇನ್ನಷ್ಟು ಭಯ. ಅಪ್ಪ ಪಾಳಿಗೆ ಹೊರಟ ಕೂಡಲೇ ಅವನ ಹೆಸರಿನಲ್ಲಿ ದೇವರ ಜಗಲಿಯ ಲಿಂಗಕ್ಕೆ ಒಂದು ಬಿಳಿ ಹೂವು ಏರಿಸುತ್ತಿದ್ದಳು. ಅವನು ಮರಳಿ ಬಂದು ಅದನ್ನು ಕಣ್ಣಿಗೊತ್ತಿಕೊಳ್ಳುವ ತನಕ ಯಾರೂ ಮುಟ್ಟುವಂತಿರಲಿಲ್ಲ.

ಆ ವರ್ಷ ದಸರೆ ಮುಗಿದ ಮೇಲೆ, ನಾವು ಹೊಸದಾಗಿ ಸೇರಿದ ಮನೆಯ ಬೇಲಿಯಲ್ಲಿ ಹಿಂದಿನವರು ಬಿಟ್ಟುಹೋದ ಗಿಡವೊಂದು ಹೂ ಬಿಟ್ಟಿತು. ಎಲೆ ಹತ್ತಿಯದರ ಹಾಗೆ ಮೂಲೆ ಮೂಲೆ, ಮುಟ್ಟಿದರೆ ಒರಟು. ಹೂವು ಅಂಗೈಯಗಲ, ಹಾಲಿನಂಥ ಬಿಳುಪು. ಅಜ್ಜಿಗೆ ಹಿಗ್ಗೋ ಹಿಗ್ಗು. ಅಂದು ಅಪ್ಪ ಮುಂಜಾನೆ ಪಾಳಿಗೆ ಹೊರಟಾಗ, ಎಂದಿನ ಕಣಗಿಲೆ ಬಿಟ್ಟು ಅದನ್ನೇ ಏರಿಸಿದಳು.

ಮಧ್ಯಾಹ್ನದ ಭೋಂಗಾ ಕೂಗಿತು. ಗೆಳತಿಯರ ಅಪ್ಪಂದಿರೆಲ್ಲ ಬಂದರು, ನಮ್ಮಪ್ಪ ಬರಲಿಲ್ಲ. ನೀರು ಕುಡಿಯಲು ಒಳಗೆ ಹೋದಾಗ ಹೂವಿನ ಅಂಚು ಗುಲಾಬಿಯಾಗಿದ್ದು ಕಂಡಿತು. ಕುಂಕುಮ ತಾಗಿರಬೇಕು ಅಂದುಕೊಂಡೆ. ಬಿಸಿಲು ಇಳಿಯುವ ಹೊತ್ತಿಗೆ ಹೂವಿಗೆ ಹೂವೇ ಕೆಂಪಾಗಿತ್ತು. ಅಪ್ಪ ಆಗಲೂ ಬಂದಿರಲಿಲ್ಲ.

“ಮುಂಜಾನೆ ನಾನ ಏರಿಸೇನಿ. ಬೆಳ್ಳಗ ಇತ್ತು,” ಎಂದಳು ಅಜ್ಜಿ, ಯಾರೂ ಕೇಳದಿದ್ದರೂ.

ಅವ್ವ ಹೂವಿನತ್ತ ಕೈ ಚಾಚಿದಳು. “ತಗದ ಬಿಡ್ಲೇನ್ರಿ ಅತ್ತಿ?”

“ಮುಟ್ಟಬ್ಯಾಡ. ಅದು ಅವನ ಹೂವು.”

ಬೇರೆ ಬಿಳಿ ಹೂವು ತಂದಿಟ್ಟರೆ ಅಪ್ಪನಿಗೆ ಏನೂ ಆಗುವುದಿಲ್ಲ ಎಂದು ನನಗೆ ಹೊಳೆಯಿತು. ಬೇಲಿಗೆ ಓಡಿದೆ. ಬೆಳಿಗ್ಗೆ ಬೆಳ್ಳಗಿದ್ದ ಗಿಡದಲ್ಲಿ ಒಂದೂ ಬಿಳಿ ಹೂವಿಲ್ಲ. ಎಲ್ಲವೂ ರಕ್ತದ ಬಣ್ಣ ತಿರುಗಿ ಮುದುಡುತ್ತಿದ್ದವು. ಒಂದೇ ಹೂವಾಗಿದ್ದರೆ ಸುಳ್ಳೆಂದು ಬಿಡಬಹುದಿತ್ತು.

ಅಲ್ಲೇ ನಿಂತಿದ್ದಾಗ ಸೈಕಲ್ಲಿನ ಗಂಟೆ ಕೇಳಿಸಿತು.

“ಮುಂದಿನ ಪಾಳಿಯವ ಬರಲಿಲ್ಲ, ಅವನ ಕೆಲಸಾನೂ ನಾನ ಮಾಡಬೇಕಾತು,” ಎನ್ನುತ್ತ ಅಪ್ಪ ಒಳಗೆ ಬಂದ. “ಯಾಕ, ದೀಪಾ ಸೈತ ಹಚ್ಚಿಲ್ಲ?”

ಅವ್ವ ದೀಪ ಹಚ್ಚಲು ಎದ್ದಳು. ಅವನು ಕೈಕಾಲು ತೊಳೆದು, ಬಣ್ಣವನ್ನೂ ಗಮನಿಸದೆ ಹೂವನ್ನು ಕಣ್ಣಿಗೊತ್ತಿಕೊಂಡು ಊಟ ಕೇಳಿದ. ಅಜ್ಜಿ ಅವನ ಎರಡೂ ಕೈ ಹಿಡಿದು ಅತ್ತಳು.

ಮರುದಿನ ಸಂಗತಿ ಕೇಳಿ ಪಕ್ಕದ ಮನೆಯ, ಜೋಯಿಡಾ ಕಡೆಯ ಹೆಂಗಸು ಬಿದ್ದು ಬಿದ್ದು ನಕ್ಕರು. ಅದು ದಾಸವಾಳದ್ದೇ ಒಂದು ಜಾತಿ, ಬೆಳಿಗ್ಗೆ ಬಿಳಿಯಾಗಿ ಅರಳಿ ಸಂಜೆಗೆ ಕೆಂಪಾಗುವುದೇ ಅದರ ಗುಣ ಎಂದರು. ಅಜ್ಜಿ ತಲೆಯಾಡಿಸಿದಳು, ಆದರೆ ಮತ್ತೆ ಕಣಗಿಲೆಗೇ ಮರಳಿದಳು.

ಈಗ ಹಳಿಯಾಳದ ನನ್ನ ಮನೆಯಂಗಳದಲ್ಲಿ ಅದೇ ಗಿಡವಿದೆ. ಹತ್ತಿ, ಬೆಂಡೆ ಎಲ್ಲ ಅದರ ಬಳಗವೆಂದೂ, ಹೊತ್ತೇರಿದಂತೆ ದಳದಲ್ಲಿ ಕೆಂಪು ತುಂಬಿಕೊಳ್ಳುತ್ತದೆಂದೂ ಓದಿ ತಿಳಿದಿದ್ದೇನೆ. ಆದರೂ ಸಂಜೆ ಹೂವು ಕೆಂಪಾಗುವಾಗ ಕಿವಿ ಸೈಕಲ್ಲಿನ ಗಂಟೆಗೆ ಕಾಯುತ್ತದೆ. ಆ ಭಯವೇ ಮತ್ತೆ ಬೇಕೆನಿಸುತ್ತದೆ, ಏಕೆಂದರೆ ಅದರ ಕೊನೆಗೆ ಅಪ್ಪ ಬಂದಿದ್ದ. ಅಪ್ಪ ತೀರಿಕೊಂಡದ್ದು ಒಂದು ಬೆಳಿಗ್ಗೆ, ಗಿಡದ ತುಂಬ ಹೂವು ಬೆಳ್ಳಗಿದ್ದಾಗ.